ಮುಚ್ಚಿದ ಕಚೇರಿ ಬೇಡದ ಕಚೇರಿಯೆ?

2025ರಲ್ಲಿ ಅಮೆರಿಕದ ಕೇಂದ್ರ ಸರ್ಕಾರದ ಎಷ್ಟೋ ಕಚೇರಿಗಳು 43 ದಿನ ಮುಚ್ಚಿದ್ದವು. ‘ಮುಚ್ಚಿದರೂ ಲೋಕ ಮುಳುಗದ ಇಲಾಖೆ ಏಕೆ ಬೇಕು?’ ಎಂಬ ಮಾತು ತ್ರಿಪ್ಲಿಕೇನಿನ ನಮ್ಮ ಕನ್ನಡ ಮನೆಗಳಲ್ಲೂ ಕೇಳಿಬಂತು. ಕೇಂದ್ರ ಸರ್ಕಾರದ ಗುಮಾಸ್ತರಾದ ನಾವು ಇದನ್ನು ಒಪ್ಪೆವು.

2020ರ ಲಾಕ್‌ಡೌನಿನಲ್ಲಿ ಅಂಚೆ ಕಚೇರಿಗೆ ವಿನಾಯಿತಿ ಇತ್ತು; ಏಪ್ರಿಲ್ 1ರಂದು ತೊಡಗಬೇಕಿದ್ದ ಜನಗಣತಿ ನಿಂತಿತು. ಅಂದು ಯಾರೂ ಕೊರಗಲಿಲ್ಲ. ಆದರೆ ಮುಂದೆ ಎಷ್ಟೋ ವರ್ಷ ಆಹಾರ ಭದ್ರತಾ ಕಾಯಿದೆಯ ರೇಷನ್ ಪಾಲನ್ನು 2011ರ ಎಣಿಕೆಯಿಂದಲೇ ಹಂಚಬೇಕಾಯಿತು. ಆಮೇಲೆ ಹೆಚ್ಚಿದ ಬಾಯಿಗಳು ಲೆಕ್ಕಕ್ಕೆ ಬರಲಿಲ್ಲ. ಈ ಊರಿನಲ್ಲಿ ಕನ್ನಡಿಗರೆಷ್ಟು ಮಂದಿ ಎಂದು ಎಣಿಸಿ ಹೇಳುವುದೂ ಜನಗಣತಿಯೇ.

ಹಾಲು ಬಾರದಿದ್ದರೆ ಬೆಳಗ್ಗೆಯೇ ತಿಳಿಯುತ್ತದೆ. ಲೆಕ್ಕ ತಪ್ಪಿದ್ದು ತಿಳಿಯಲು ವರ್ಷಗಳೇ ಬೇಕು. ಇಲಾಖೆಯನ್ನು ತೂಗುವವರು ಅಷ್ಟು ಕಾಲ ಕಾಯಲಿ. 2027ಕ್ಕೆ ಗೊತ್ತುಮಾಡಿದ ಗಣತಿಯಲ್ಲಿ ಮಾತೃಭಾಷೆ ಕನ್ನಡವೆಂದು ಬರೆಸಲು ಮಾತ್ರ ನೀವು ಮರೆಯದಿರಿ.