ತೀರ್ಥರೂಪರ ಪರೀಕ್ಷೆ

ಕಚೇರಿಯ ಇಲಾಖಾ ಪರೀಕ್ಷೆಯಲ್ಲಿ ನಾವು ಎರಡು ಸಲ ನಪಾಸಾದ ಸಂಗತಿ ವಾಚಕರಿಗೆ ಹೊಸದಲ್ಲ. 2025ರ ಮಳೆಗಾಲದಲ್ಲಿ ಪರೀಕ್ಷೆಗೆ ಕೂತವರು ನಮ್ಮ ತೀರ್ಥರೂಪರು.

ಫತೇಗಂಜಿನ ನಮ್ಮ ಮನೆಯ ಬಚ್ಚಲಲ್ಲಿ ಜಾರಿ ಬಿದ್ದು ಅವರು ತೊಡೆಯ ಮೂಳೆ ಮುರಿದುಕೊಂಡರು. ಶಸ್ತ್ರಕ್ರಿಯೆ ಸುಸೂತ್ರವಾಗಿ ಮುಗಿಯಿತು. ಎರಡನೆಯ ರಾತ್ರಿ ಮಾತ್ರ ಹೊದಿಕೆಯ ನೂಲು ಕೀಳುತ್ತ, "ಕರ ಬಿಚ್ಚಿಕೊಂಡದ, ಕಟ್ಟಿ ಬಾರೋ" ಎಂದು ನಮ್ಮನ್ನು ಗದರಿದರು. ದನಕರು ಮಾರಿ ಮೂವತ್ತು ವರ್ಷವಾಗಿದೆ. ಬೆಳಿಗ್ಗೆ ನೋಡಿದರೆ ಶಾಂತವಾಗಿ ಚಹಾ ಕುಡಿಯುತ್ತಿದ್ದರು. ವಯಸ್ಸಾಯಿತು, ಪರಸ್ಥಳ ಬೇರೆ, ಎಂದುಕೊಂಡು ನಾವು ಯಾರ ಮುಂದೆಯೂ ಬಾಯಿಬಿಡಲಿಲ್ಲ.

ತರುಣ ಡಾಕ್ಟರೊಬ್ಬರು ಬಂದು ಹಿಂದಿಯಲ್ಲಿ ವಯಸ್ಸು, ಹುಟ್ಟಿದ ದಿನ, ಈಗ ಇರುವ ಸ್ಥಳ, ನಡೆಯುತ್ತಿರುವ ವರ್ಷ ಕೇಳಿದರು. ಮೊದಲ ಮೂರಕ್ಕೆ ಸರಿಯುತ್ತರ. ವರ್ಷಕ್ಕೆ "ವಿಶ್ವಾವಸು" ಎಂದರು. ನರ್ಸಬಾಯಿ ನಕ್ಕರು. ನಮಗೆ ರೇಗಿತು! ನಮ್ಮಲ್ಲಿ ವರ್ಷಕ್ಕೊಂದು ಹೆಸರುಂಟು, ಯುಗಾದಿಯಿಂದ ಇದು ವಿಶ್ವಾವಸುವೇ ಎಂದು ವಾದಿಸಿ ಗೆದ್ದೆವು. ಡಾಕ್ಟರು ಒಪ್ಪಿ, ತಿಂಗಳುಗಳನ್ನು ಕೊನೆಯಿಂದ ಹೇಳಿಸಿರಿ, ನಿಮ್ಮ ಭಾಷೆಯಲ್ಲೇ ಆಗಲಿ, ಎಂದರು. ಫಾಲ್ಗುಣ, ಮಾಘ, ಪುಷ್ಯ... ಅಲ್ಲಿಗೆ ನಿಂತರು. ಫ್ಯಾನನ್ನು ನೋಡಿದರು. ಆಮೇಲೆ ಚೈತ್ರ, ವೈಶಾಖ ಎಂದು ಮುಂದಕ್ಕೆ ಹೊರಟರು. ಊರಿಗೆಲ್ಲ ಪಂಚಾಂಗ ಓದಿ ಹೇಳಿದವರು!

"ಮೊನ್ನೆಯೂ ಹೀಗೆಯೇ ಇದ್ದರೇನು?" ಎಂದರು ಡಾಕ್ಟರು. ಆಗ ಕರುವಿನ ಮಾತು ಹೊರಬಿತ್ತು.

ಎಡಿನ್‌ಬರೋದ ವೈದ್ಯರು ರೂಪಿಸಿದ ಈ ಪರೀಕ್ಷೆಗೆ ಫೋರ್ ಎ ಟಿ ಎಂದು ಹೆಸರು. ಎರಡು ನಿಮಿಷದ ಕೆಲಸ. ಒಟ್ಟು ಅಂಕ 12. ಇಲ್ಲಿ ಅಂಕ ಹೆಚ್ಚಿದಷ್ಟೂ ಕೇಡು. ತಿಂಗಳು ತಪ್ಪಿದ್ದಕ್ಕೆ ತೀರ್ಥರೂಪರಿಗೆ ಬಂದದ್ದು 1. ದಿನ ಬೆಳಗಾಗುವುದರಲ್ಲಿ ಬುದ್ಧಿ ಏರುಪೇರಾಯಿತೆಂಬ ಮನೆಯವರ ಮಾತಿಗೇ 4! ಒಟ್ಟು 4 ಆದರೆ ಡೆಲಿರಿಯಂ ಎಂದು ಶಂಕಿಸಬೇಕು. ನಮ್ಮ ಹಿರಿಯರು ಸನ್ನಿ ಎನ್ನುತ್ತಿದ್ದುದು ಇಂಥದನ್ನೇ. ಮರೆವಿನ ರೋಗ ವರ್ಷಗಟ್ಟಲೆ ಮೆಲ್ಲಗೆ ಬರುತ್ತದೆ. ಇದು ತಾಸುಗಳಲ್ಲಿ, ದಿನಗಳಲ್ಲಿ ಬಂದು ಏರುತ್ತ ಇಳಿಯುತ್ತ ಇರುತ್ತದೆ. ಕೆಲವರು ಕೂಗಾಡುವುದೇ ಇಲ್ಲ, ಮಂಪರಿನಲ್ಲಿ ಬಿದ್ದಿರುತ್ತಾರೆ. ಅಂಥವರನ್ನು "ಪಾಪ, ನಿದ್ದೆ ಮಾಡಲಿ" ಎಂದು ಬಿಟ್ಟುಬಿಡುವುದೇ ಹೆಚ್ಚಂತೆ.

ಅಂಕ ಕಾರಣವನ್ನು ಹೇಳುವುದಿಲ್ಲ, ಹುಡುಕಬೇಕು. ಮೂತ್ರದ ಸೋಂಕು ಸಿಕ್ಕಿತು. ಔಷಧ ಶುರುವಾಯಿತು. ಮನೆಯಲ್ಲೇ ಉಳಿದಿದ್ದ ಕನ್ನಡಕ, ಕಿವಿಯ ಯಂತ್ರ ತಂದೆವು. ರಾತ್ರಿ ಪಾಳಿಯಲ್ಲಿ ಒಬ್ಬರು ಪಕ್ಕದಲ್ಲಿ ಕೂತು ಕನ್ನಡದಲ್ಲಿ ಮಾತಾಡುತ್ತಿದ್ದೆವು.

ಆರನೆಯ ದಿನ ಫಾಲ್ಗುಣದಿಂದ ಚೈತ್ರದವರೆಗೆ ತಡೆಯಿಲ್ಲದೆ ಹೇಳಿ, "ಈಗ ನೀ ಹೇಳು ನೋಡೂಣು" ಎಂದರು. ನಾವು ಮಾರ್ಗಶಿರಕ್ಕೇ ಮುಗ್ಗರಿಸಿದೆವು.