ಪ್ರಥಮ ಶ್ರವಣವೂ ಅಂತಿಮ ತೀರ್ಪೂ

ಅಧ್ಯಾಪಕನಾದವನಿಗೆ ತೀರ್ಪು ನೀಡುವ ಚಪಲ ಬಹುಬೇಗ ಅಂಟಿಕೊಳ್ಳುತ್ತದೆ. ಉತ್ತರಪತ್ರಿಕೆಯ ಮೊದಲ ಪುಟ ಕಂಡೊಡನೆಯೇ ಮನಸ್ಸು ಅಂಕವನ್ನು ಬರೆದುಬಿಡುತ್ತದೆ. ಸಂಗೀತದ ವಿಷಯದಲ್ಲಿ ಈ ಚಪಲವು ನನ್ನಿಂದ ಮಾಡಿಸಿದ ತಪ್ಪೊಂದನ್ನು ಸಹೃದಯರಲ್ಲಿ ನಿವೇದಿಸಿಕೊಳ್ಳಬಯಸುತ್ತೇನೆ.

ಕೆಲವು ವರ್ಷಗಳ ಹಿಂದೆ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ತನಗೆ ಪ್ರಾಣಪ್ರಿಯವಾದ ಆಲ್ಬಮ್ಮೊಂದನ್ನು ನನಗೆ ಕೇಳಿಸಿದ. ಅದು ಇಂಡೀ ರಾಕ್. ಎಂದರೆ, ದೊಡ್ಡ ಧ್ವನಿಮುದ್ರಣ ಕಂಪನಿಗಳ ಹಂಗಿಲ್ಲದೆ ಸಣ್ಣ ಸ್ವತಂತ್ರ ಸಂಸ್ಥೆಗಳ ಮೂಲಕ ಹೊರಬರುವ ರಾಕ್ ಸಂಗೀತ. ಅಮೆರಿಕೆಯ ಲೂಯಿವಿಲ್ ನಗರದ 'ಸ್ಲಿಂಟ್' ಎಂಬ ತಂಡದ ತರುಣರು ರಚಿಸಿದ 'ಸ್ಪೈಡರ್‌ಲ್ಯಾಂಡ್' ಅದರ ಹೆಸರು. ಹಾಡುವವನು ಬಹುಮಟ್ಟಿಗೆ ಹಾಡುವುದೇ ಇಲ್ಲ; ತಗ್ಗಿದ ದನಿಯಲ್ಲಿ ಮಾತನಾಡುತ್ತಾನೆ. ಮೆಲ್ಲಗೆ ಮಿಡಿಯುತ್ತಿದ್ದ ಗಿಟಾರುಗಳು ಹಠಾತ್ತನೆ ಅಬ್ಬರಿಸುತ್ತವೆ. ಎರಡನೆಯ ಹಾಡು ಮುಗಿಯುವ ಮುನ್ನವೇ "ಇದನ್ನೂ ಸಂಗೀತವೆನ್ನುತ್ತಾರೆಯೇ?" ಎಂದುಬಿಟ್ಟೆ. ಆತ ವಾದಿಸಲಿಲ್ಲ, ಸುಮ್ಮನೆ ನಿಲ್ಲಿಸಿದ. ಆ ಮೌನ ನನ್ನನ್ನು ಬಹುದಿನ ಕಾಡಿತು.

ಅದರಿಂದಲೇ ಮತ್ತೆ ಒಬ್ಬನೇ ಕುಳಿತು ಕೇಳಿದೆ. ಎರಡನೆಯ ಸಲವೂ ಬೇಸರವೇ. ಮೂರನೆಯ ಸಲ ಬೆರಳು ತಾನಾಗಿ ಲಯವನ್ನು ಎಣಿಸತೊಡಗಿತು: ಅಸ್ತವ್ಯಸ್ತವೆಂದು ನಾನು ಬಗೆದದ್ದು ಐದು ಹಾಗೂ ಏಳು ಮಾತ್ರೆಗಳ ವಿಷಮ ನಡೆ! ರೂಪಕ ತಾಳದ ಏಳು ಮಾತ್ರೆಗಳನ್ನು ಬಲ್ಲ ಕಿವಿಗೆ ಅದು ಅಪರಿಚಿತವಾಗಬೇಕಾಗಿರಲಿಲ್ಲ. ಮುಂದೆ ಮತ್ತೊಂದು ಸತ್ಯ ಹೊಳೆಯಿತು. ಸುಮಾರು 40 ನಿಮಿಷಗಳ ಈ ಕೃತಿಯ ಕೊನೆಯಲ್ಲಿ ಬರುವ ಆರ್ತನಾದ ನಮ್ಮನ್ನು ನಡುಗಿಸುವುದು ಅದುವರೆಗಿನ ಸಂಯಮದ ಬಲದಿಂದಲೇ. ಅರ್ಧಕ್ಕೆ ಎದ್ದುಹೋದವನಿಗೆ ಅದು ದಕ್ಕುವುದಾದರೂ ಹೇಗೆ?

ನಾನೊಬ್ಬನೇ ಎಡವಿದವನಲ್ಲ. 1991ರಲ್ಲಿ ಈ ಆಲ್ಬಂ ಹೊರಬಂದಾಗ ಕೊಂಡವರು ವಿರಳ; ತಂಡವೇ ಅಷ್ಟರೊಳಗೆ ಚದುರಿಹೋಗಿತ್ತು. ಕೃತಿಯ ಕೀರ್ತಿ ವರ್ಷ ವರ್ಷಕ್ಕೆ ಬೆಳೆದು, 2005ರಲ್ಲಿ ಅವರು ಮತ್ತೆ ಒಂದಾಗಿ ನುಡಿಸಿದರು. ಇಂಡೀ ರಾಕ್‌ಗೆ ಹಿರಿಯಣ್ಣನಂತಿರುವ ವೆಲ್ವೆಟ್ ಅಂಡರ್‌ಗ್ರೌಂಡ್ ತಂಡದ 1967ರ ಮೊದಲ ಆಲ್ಬಂ ಅಂದು ಉಪೇಕ್ಷೆಗೊಳಗಾಗಿತ್ತು; 2006ರಲ್ಲಿ ಅಮೆರಿಕೆಯ ಲೈಬ್ರರಿ ಆಫ್ ಕಾಂಗ್ರೆಸ್ ಅದನ್ನು ರಕ್ಷಣಾರ್ಹ ಧ್ವನಿಮುದ್ರಣಗಳ ಸಾಲಿಗೆ ಸೇರಿಸಿತು.

ಪದೇ ಪದೇ ಕೇಳಿದರೆ ಯಾವುದಾದರೂ ಹಿತವಾಗುತ್ತದೆಯಲ್ಲವೇ ಎಂದು ಕೆಲವರು ಆಕ್ಷೇಪಿಸಬಹುದು. ಪರಿಚಯವೇ ಒಲವನ್ನು ಹುಟ್ಟಿಸುತ್ತದೆಂದು ಮನೋವಿಜ್ಞಾನಿ ರಾಬರ್ಟ್ ಜಾಯೆನ್ಸ್ 1968ರಲ್ಲಿ ಪ್ರತಿಪಾದಿಸಿದ್ದುಂಟು. ಆದರೆ ಬಸ್ಸಿನಲ್ಲಿ ನಿತ್ಯ ಕಿವಿಗೆ ಬಿದ್ದ ಎಷ್ಟೋ ಹಾಡುಗಳು ನನ್ನಲ್ಲಿ ಬೇಸರವನ್ನಲ್ಲದೆ ಬೇರೇನನ್ನೂ ಬೆಳೆಸಲಿಲ್ಲ. ಪುನಃಶ್ರವಣ ಬಾಗಿಲನ್ನು ತೆರೆಯುತ್ತದೆ, ಅಷ್ಟೆ. ಒಳಗಿನ ಸಂಪತ್ತು ಕೃತಿಯದೇ ಆಗಿರಬೇಕು.

ಆ ಹಳೆಯ ವಿದ್ಯಾರ್ಥಿಗೆ ತಪ್ಪೊಪ್ಪಿಗೆಯ ಪತ್ರ ಬರೆದಿದ್ದೇನೆ. ಆದರೆ ತರಗತಿಯ ಮೊದಲ ವಾರದಲ್ಲೇ 'ಮಂದ'ರೆಂದು ನಾನು ಬಗೆದ ಮಕ್ಕಳೆಷ್ಟೋ! ಅವರೆಲ್ಲರಿಗೂ ಬರೆಯಲು ನನ್ನಲ್ಲಿ ವಿಳಾಸವಿಲ್ಲ.

ಆದುದರಿಂದ ನನ್ನದೊಂದು ವಿನಂತಿ. ಪರೀಕ್ಷೆಯ ನೆಪದಲ್ಲಿ ಸಂಗೀತದ ಅವಧಿಯನ್ನು ಕಸಿದುಕೊಳ್ಳದಿರೋಣ. ವಚನಗಾಯನವಿರಲಿ, ಪರದೇಶದ ರಾಕ್ ಇರಲಿ, ಒಂದು ಇಡೀ ಕೃತಿಯನ್ನು ನಾಲ್ಕು ವಾರ ಕೇಳಿಸಿ, ಅನಂತರವೇ ಮಕ್ಕಳ ಅಭಿಪ್ರಾಯ ಕೇಳೋಣ. ದಾನಿಗಳಿಂದ ಇದಕ್ಕೆ ಬೇಕಾದುದು ಒಂದು ನಿಶ್ಶಬ್ದವಾದ ಕೋಣೆ, ಒಂದು ಒಳ್ಳೆಯ ಧ್ವನಿಯಂತ್ರ. ಅಧ್ಯಾಪಕರಿಂದ ಬೇಕಾದುದು ತಾಳ್ಮೆ. ಶ್ರೀಮಠದ ಆಶೀರ್ವಾದದಿಂದ ಇವೆರಡೂ ಕೂಡಿಬರಲೆಂದು ಹಾರೈಸುತ್ತೇನೆ.