ಸುಳ್ಳು ನೌಕರಿಯ ಜಾಹೀರಾತೂ ಯಂತ್ರದ ಪರೀಕ್ಷೆಯೂ

ವಿದ್ಯಾಭ್ಯಾಸವನ್ನು ಮುಗಿಸಿದ ಮಗನೋ ಮಗಳೋ ನೌಕರಿಯನ್ನು ಅರಸುತ್ತಿರುವ ಮನೆಯಲ್ಲಿ ಆಸೆಗೆ ಕೊರತೆಯಿರುವುದಿಲ್ಲ. ಆ ಆಸೆಯನ್ನೇ ಬಂಡವಾಳ ಮಾಡಿಕೊಂಡವರು ಇಂದು ಅಂತರ್ಜಾಲದಲ್ಲಿ ಹೇರಳವಾಗಿದ್ದಾರೆ. ಇಲ್ಲದ ಕೆಲಸಕ್ಕೆ ಜಾಹೀರಾತು ಕೊಟ್ಟು, ಶುಲ್ಕವೆಂದು ಹಣವನ್ನೂ ಅರ್ಜಿಯೆಂದು ಮನೆಯ ಗುಟ್ಟುಗಳನ್ನೂ ಕಸಿದುಕೊಳ್ಳುವರು; ಕೆಲವೊಮ್ಮೆ ಮನುಷ್ಯನನ್ನೇ ಕಸಿದುಕೊಳ್ಳುವುದೂ ಉಂಟು. ಸುಳ್ಳು ನೌಕರಿಯನ್ನು ನಂಬಿ ಆಗ್ನೇಯ ಏಷ್ಯಕ್ಕೆ ಹೋಗಿ, ಮ್ಯಾನ್ಮಾರ್ ಗಡಿಯ ವಂಚನಾಕೇಂದ್ರಗಳಲ್ಲಿ ಸಿಕ್ಕಿಬಿದ್ದವರನ್ನು ಬಿಡಿಸುವ ಯತ್ನದಲ್ಲಿ, ನಮ್ಮ ಸರಕಾರವು 2025ರ ಮಾರ್ಚ್ ತಿಂಗಳಲ್ಲಿ 283 ಮಂದಿ ಭಾರತೀಯರನ್ನು ವಾಯುಸೇನೆಯ ವಿಮಾನದಲ್ಲಿ ಕರೆತರಬೇಕಾಯಿತು.

“ಇಂಥ ಜಾಹೀರಾತುಗಳನ್ನು ಈಗ ಯಂತ್ರವೇ ಕಂಡುಹಿಡಿಯುವುದಂತೆ, ಇನ್ನು ನಮಗೇತರ ಚಿಂತೆ?” ಎನ್ನುವವರಿದ್ದಾರೆ. ಅವರ ಮುಂದೆ ಒಂದು ಸಣ್ಣ ಲೆಕ್ಕವನ್ನಿಡಲು ಬಯಸುತ್ತೇವೆ.

ಗ್ರೀಸ್ ದೇಶದ ಏಜಿಯನ್ ವಿಶ್ವವಿದ್ಯಾಲಯದ ವಿದ್ವಾಂಸರು, 2012ರಿಂದ 2014ರವರೆಗೆ ಪ್ರಕಟವಾದ 17,880 ನೌಕರಿಯ ಜಾಹೀರಾತುಗಳ ಸಂಗ್ರಹವೊಂದನ್ನು ಸಂಶೋಧಕರ ಉಪಯೋಗಕ್ಕೆ ಒದಗಿಸಿದ್ದಾರೆ. ಅವುಗಳಲ್ಲಿ 866 ಸುಳ್ಳೆಂದು ಬಲ್ಲವರು ಪರೀಕ್ಷಿಸಿ ಗುರುತು ಮಾಡಿದ್ದಾರೆ. ಇಂಥ ಗುರುತಿರುವ ಮಾದರಿಗಳನ್ನು ಸಾವಿರಗಟ್ಟಲೆ ತೋರಿಸಿದರೆ, ದಿಟಕ್ಕೂ ಸಟೆಗೂ ಇರುವ ವ್ಯತ್ಯಾಸವನ್ನು ಯಂತ್ರವು ತಾನೇ ಲೆಕ್ಕಹಾಕಿ ಕಲಿಯುವುದು. ಸುಳ್ಳು ಜಾಹೀರಾತುಗಳಲ್ಲಿ ಸಂಸ್ಥೆಯ ಲಾಂಛನವಿಲ್ಲದಿರುವುದು, ಸಂಸ್ಥೆಯ ಪರಿಚಯವು ತೀರ ಮೊಟಕಾಗಿರುವುದು ಹೆಚ್ಚೆಂದು ಈ ಸಂಗ್ರಹದಲ್ಲಿ ಕಂಡುಬಂದಿತು.

ಆದರೆ 17,880ರಲ್ಲಿ 866 ಎಂದರೆ ನೂರಕ್ಕೆ ಐದಕ್ಕಿಂತಲೂ ಕಡಿಮೆ. ಆದುದರಿಂದ ಯಾವುದನ್ನೂ ಓದದೆ, “ಎಲ್ಲವೂ ದಿಟ” ಎಂದುಬಿಡುವ ಯಂತ್ರದ ಮಾತು ಕೂಡ ನೂರಕ್ಕೆ 95ರಷ್ಟು ಸರಿಯಾಗುವುದು! ಅದು ಹಿಡಿದ ವಂಚನೆ ಮಾತ್ರ ಒಂದೂ ಇಲ್ಲ. ವರ್ಷವೆಲ್ಲ ನಿದ್ರಿಸಿದ ಕಾವಲುಗಾರನು, “360 ದಿನ ಕಳ್ಳರು ಬರಲಿಲ್ಲವಲ್ಲ!” ಎಂದು ಬಹುಮಾನ ಕೇಳಿದ ಹಾಗಾಯಿತು.

ಇಂಥ ಯಂತ್ರವನ್ನು ಯಾರಾದರೂ ಹೊಗಳಿದಾಗ ಎರಡು ಪ್ರಶ್ನೆಗಳನ್ನು ಕೇಳಬೇಕು. ಇದ್ದ ಸುಳ್ಳುಗಳಲ್ಲಿ ಅದು ಎಷ್ಟನ್ನು ಹಿಡಿಯಿತು? ಅದು ಹಿಡಿದವುಗಳಲ್ಲಿ ನಿಜವಾಗಿಯೂ ಸುಳ್ಳಾದುವೆಷ್ಟು? ಯಂತ್ರವನ್ನು ಬಹಳ ಸಂಶಯಸ್ವಭಾವದ್ದನ್ನಾಗಿ ಮಾಡಿದರೆ, ಲಾಂಛನವಿಲ್ಲದ ಸಣ್ಣ ಅಂಗಡಿಯ ಪ್ರಾಮಾಣಿಕನೂ ಕಳ್ಳನೆನಿಸಿ, ಬಡವನೊಬ್ಬನಿಗೆ ಸಿಗಬೇಕಾದ ಕೆಲಸ ತಪ್ಪುವುದು. ಸಂಶಯವನ್ನು ಸಡಿಲಿಸಿದರೆ ವಂಚಕನು ನುಸುಳುವನು. ಅಲ್ಲದೆ ವಂಚಕನೂ ಕಲಿಯುವವನೇ: ಇಂದು ಲಾಂಛನವಿಲ್ಲದೆ ಸಿಕ್ಕಿಬಿದ್ದವನು ನಾಳೆ ದೊಡ್ಡ ಸಂಸ್ಥೆಯೊಂದರ ಲಾಂಛನವನ್ನೇ ಕದ್ದು ಅಂಟಿಸುವನು.

ಯಂತ್ರವು ಬೇಡವೆಂದು ನಾವು ಹೇಳುತ್ತಿಲ್ಲ. ರಾಶಿಯನ್ನು ಜರಡಿ ಹಿಡಿಯಲು ಅದು ಬೇಕೇ ಬೇಕು. ಆದರೆ ಜರಡಿಯಿಂದ ಬಂದ ಅಕ್ಕಿಯನ್ನೂ ಗೃಹಿಣಿಯು ಕಣ್ಣಾಡಿಸಿ ಕಲ್ಲು ಆರಿಸದೆ ಒಲೆಗೇರಿಸುವುದಿಲ್ಲವಷ್ಟೆ. ನೌಕರಿ ಕೊಡುವವನು ಸಂಬಳ ಕೊಡಬೇಕೇ ಹೊರತು ಮುಂಗಡ ಕೇಳಕೂಡದು. ಕೇಳಿದರೆ ಅಲ್ಲಿಯೇ ನಿಲ್ಲಿರಿ. ಪರದೇಶದ ಕೆಲಸವಾದರೆ, ದಲ್ಲಾಳಿಯು ನೋಂದಾಯಿತನೇ ಎಂಬುದನ್ನು ಸರಕಾರದ ಇ-ಮೈಗ್ರೇಟ್ ತಾಣದಲ್ಲಿ ನೋಡಿಕೊಳ್ಳಿರಿ. ಹಣ ಹೋಗಿದ್ದರೆ ತಡಮಾಡದೆ 1930 ಸಂಖ್ಯೆಗೆ ದೂರವಾಣಿ ಮಾಡಿರಿ.

ಕೊನೆಯದಾಗಿ ಹಿರಿಯರಲ್ಲಿ ಒಂದು ಬಿನ್ನಹ. ಮೋಸಹೋದ ಮಗುವನ್ನು ಜರೆಯಬೇಡಿರಿ. ಬೈಗುಳಕ್ಕೆ ಹೆದರಿದ ಮಗು ಸಂಗತಿಯನ್ನು ಬಚ್ಚಿಡುವುದು. ಬಚ್ಚಿಟ್ಟ ಪ್ರತಿಯೊಂದು ದಿನವೂ ವಂಚಕನಿಗೇ ಲಾಭ.